ಪ್ರೂಫಿನ ಸುಮಿತ್ರಕ್ಕ

ಸುಮಿತ್ರಕ್ಕ ಯಾವ ಹಾಳೆಯನ್ನೂ ಮೊದಲಿನಿಂದ ಓದಿದವಳಲ್ಲ. ಕೊನೆಯ ಸಾಲಿನ ಕೊನೆಯ ಶಬ್ದದ ಮೇಲೆ ಕೆಂಪು ಪೆನ್ನಿನ ತುದಿ ಇಟ್ಟು, ಅಲ್ಲಿಂದ ಒಂದೊಂದೇ ಶಬ್ದ ಹಿಂದಕ್ಕೆ ಸರಿಯುತ್ತ, ತುಟಿಯಲ್ಲೇ ಗುನುಗುತ್ತ ಮೇಲಕ್ಕೆ ಏರುತ್ತಿದ್ದಳು. ಮದುವೆ ಕಾರ್ಡು ಅವಳ ಬಾಯಲ್ಲಿ "ಅಪೇಕ್ಷಿಸುವ ಆಗಮನವನ್ನು ತಮ್ಮ" ಎಂದು ಶುರುವಾಗಿ "ಪ್ರಸನ್ನ ಬಸವೇಶ್ವರ ಶ್ರೀ" ಎಂದು ಮುಗಿಯುತ್ತಿತ್ತು. ಹೊಸಬರು ಕೇಳಿದರೆ ಹುಚ್ಚಿ ಅಂದುಕೊಳ್ಳಬೇಕು, ಹಾಗೆ.

"ಮೊದಲಿಂದ ಓದಿದ್ರ ಅರ್ಥ ಕೈ ಹಿಡಕೊಂಡು ಎಳಕೊಂಡು ಹೋಗತೈತಿ, ನೀಲಾ. ಅಕ್ಷರ ನೋಡಾಕ ಬಿಡಂಗಿಲ್ಲ" ಅನ್ನುತ್ತಿದ್ದಳು. "ಅರ್ಥ ಓದವರು ಓದ್ಕೋತಾರ. ನಮಗ ಅಕ್ಷರ ಬೇಕು."

ನಾನು ಡಿಪ್ಲೊಮಾ ಮುಗಿಸಿ ಬೈಲಹೊಂಗಲದ ಒಂದು ಪ್ರೆಸ್ಸಿಗೆ ಡಿಟಿಪಿ ಕೆಲಸಕ್ಕೆ ಸೇರಿದಾಗ ಅವಳಿಗೆ ನಲವತ್ತು ದಾಟಿತ್ತು. ರಾಮದುರ್ಗದ ಹುಡುಗಿ, ಬೈಲಹೊಂಗಲಕ್ಕೆ ಸೊಸೆಯಾಗಿ ಬಂದವಳು. ಸಣ್ಣ ಆಳು, ದಾರ ಕಟ್ಟಿದ ಚಾಳೀಸು ಕನ್ನಡಕ, ಬೈತಲೆಯ ಎರಡೂ ಕಡೆ ಬೆಳ್ಳಗಾದ ಕೂದಲು. ಸಕ್ಕರೆ ಕಾಯಿಲೆಯಿತ್ತು, ಸಪ್ಪೆ ಚಹಾ ಕುಡಿಯುತ್ತಿದ್ದಳು. ಪ್ರೆಸ್ಸಿನ ಹಿಂದುಗಡೆ, ಕಾಗದದ ರೀಮುಗಳ ಮರೆಯಲ್ಲಿ ಅವಳ ಮೇಜು. ಅದರ ಮೇಲೆ ಅಂಗೈಯಷ್ಟು ಒಂದು ಬುದ್ಧನ ಪಟ, ಒಂದು ನಿಘಂಟು, ಮೂರು ಕೆಂಪು ಪೆನ್ನು.

ಮೊದಲ ದಿನ ನಾನು ಟೈಪು ಮಾಡಿದ ಹಾಳೆ ಮೈತುಂಬ ಕೆಂಪಾಗಿ ಹಿಂದಕ್ಕೆ ಬಂತು. ನನಗೆ ಅಳು ಬಂದಿತ್ತು. ಅವಳು ಬುತ್ತಿಯ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗೆ ಕೊಟ್ಟಳು. "ಟೈಪ್ ಮಾಡವರು ತಪ್ಪು ಮಾಡೇ ಮಾಡತಾರ. ಅದಕ್ಕ ನಾ ಇಲ್ಲಿ ಕುಂತೇನಿ. ನಾ ಬಿಟ್ಟ ಮ್ಯಾಲ ಅದು ತಪ್ಪು. ಅಲ್ಲೀತನಾ ಅದು ಪ್ರೂಫು. ತಿನ್ನು."

ಗಿರಾಕಿಗಳು ಬಂದು ಪ್ರೂಫು ನೋಡುವಾಗ ಮಾಲಕರು "ಚಿಂತಿ ಬಿಡ್ರಿ, ನಮ್ಮ ಮಾಸ್ತರು ನೋಡ್ಯಾರ" ಅನ್ನುತ್ತಿದ್ದರು. ಯಾವ ಮಾಸ್ತರೂ ಇರಲಿಲ್ಲ. ಸುಮಿತ್ರಾ ಅಂದರೆ ಅಡ್ಡಹೆಸರು ಯಾವುದು ಅಂತ ಕೇಳುತ್ತಾರೆ. ಕಾಂಬಳೆ ಅಂದರೆ ಜಾತಿ ತಿಳಿದು, ಗುಡಿಯ ಕಾರ್ಯಕ್ರಮದ ಕಾರ್ಡು ಹಿಡಿದು ಬಂದ ಹಿರಿಯರ ಮುಖ ಸಣ್ಣಗಾಗುತ್ತದೆ. ಮಾಲಕರು ಕೆಟ್ಟವರಲ್ಲ, ವ್ಯಾಪಾರಸ್ಥರು. ಒಂದು ದಿನ ನಾನೇ ಸಿಟ್ಟಿಗೆದ್ದು ಕೇಳಿದ್ದೆ, ನಿಮಗೇನೂ ಅನಿಸೂದಿಲ್ಲೇನ್ರಿ ಅಕ್ಕಾ ಅಂತ. ಅವಳು ಪೆನ್ನು ಎತ್ತದೆ ಹೇಳಿದಳು, "ಅನಸ್ತೈತಿ. ಅನಿಸಿದ ದಿನ ಎರಡು ತಪ್ಪು ಹೆಚ್ಚಿಗಿ ಹಿಡೀತೇನಿ."

ಅವಳ ಗಂಡ ನವಿಲುತೀರ್ಥದ ಕಡೆ ಕಾಲುವೆಯ ಗೇಟು ನೋಡುವ ಕೆಲಸದಲ್ಲಿದ್ದ. ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ನಾನು ಸೇರಿದ ಎರಡನೆಯ ವರ್ಷ ಎದೆನೋವಿನಿಂದ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಸುಮಿತ್ರಕ್ಕ ಮತ್ತು ಅವಳ ಅತ್ತೆ. ಅತ್ತೆಯನ್ನು ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆಯಿಗೆ ಓದು ಬರಹ ಬಾರದು. ಆದರೆ ಕಣ್ಣು ಎಪ್ಪತ್ತರಲ್ಲೂ ಹದ್ದಿನ ಕಣ್ಣು.

ಸುಮಿತ್ರಕ್ಕ ತನ್ನ ಕಣ್ಣಿನ ಸುದ್ದಿಯನ್ನು ಯಾರಿಗೂ ಹೇಳಿರಲಿಲ್ಲ. ಅದು ನಮಗೆ ಗೊತ್ತಾದದ್ದು ಒಂದು ಪುಣ್ಯಸ್ಮರಣೆಯ ಕಾರ್ಡಿನಿಂದ.

ಸವದತ್ತಿ ಹತ್ತಿರದ ಒಂದು ಹಳ್ಳಿಯ ಮನೆತನದವರದು ಆ ಕಾರ್ಡು. ತೀರಿಕೊಂಡವರು ವೀರಪ್ಪ. ಅವರ ಹಿರಿಯ ಮಗ ಈರಪ್ಪ, ಕಾರ್ಡು ಮಾಡಿಸಲು ಬಂದವನೂ ಅವನೇ. ನಾನು ಟೈಪು ಮಾಡುವಾಗ ಮೇಲಿನ ಹೆಸರನ್ನೂ ಈರಪ್ಪ ಎಂದೇ ಹೊಡೆದಿದ್ದೆ. ಸುಮಿತ್ರಕ್ಕನ ಮೇಜಿನಿಂದ ಹಾಳೆ ಹಾಗೇ ವಾಪಸು ಬಂತು, ಕೆಂಪು ಗೀಟಿಲ್ಲದೆ. ಕಾರ್ಡು ಅಚ್ಚಾಗಿ, ಬೀಗರ ಊರುಗಳಿಗೆಲ್ಲ ಹಂಚಿ ಮುಗಿದ ಮೇಲೆ ಯಾರೋ ನೋಡಿದರು. ಲಿಂಗೈಕ್ಯ ಶ್ರೀ ಈರಪ್ಪ. ಬದುಕಿದವನ ಹೆಸರಿಗೆ ಪುಣ್ಯಸ್ಮರಣೆ.

ನಾಲ್ಕು ಜನ ಪ್ರೆಸ್ಸಿಗೆ ಬಂದು ಕೂಗಾಡಿ ಹೋದರು. ಮಾಲಕರು ಕೈಮುಗಿದು, ಹೊಸ ಕಾರ್ಡು ಹಾಕಿಸಿಕೊಡುತ್ತೇನೆ ಅಂದರು. ಹೊಸ ಕಟ್ಟು ತಯಾರಾದ ಕೂಡಲೇ ಸುಮಿತ್ರಕ್ಕ ಅದನ್ನು ಬಗಲಲ್ಲಿ ಇಟ್ಟುಕೊಂಡು ನಿಂತಳು. "ನಾನು ಒಯ್ದು ಕೊಟ್ಟು ಬರತೇನಿ."

ಟೈಪು ಮಾಡಿದವಳು ನಾನು. ಜೊತೆಗೆ ಹೋದೆ. ಬಸ್ಸಿನಿಂದ ಇಳಿಯುವಾಗ ಅವಳು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. ಬಿಸಿಲಿಗೆ ತಲೆ ತಿರುಗಿರಬೇಕು ಅಂದುಕೊಂಡೆ.

ಆ ಮನೆಯ ಪಡಸಾಲೆಯಲ್ಲಿ ಮಂದಿ ಕೂತಿದ್ದರು. ಈರಪ್ಪನ ಹೆಂಡತಿ ಒಳಗಿನಿಂದ ಬಂದವಳೇ, "ಬರ್ರಿ, ನೋಡ್ರಿ, ನೀವು ಕೊಂದಿದ್ರೆಲ್ಲಾ, ಇಲ್ಲೇ ಕುಂತಾರ ನೋಡ್ರಿ ನಮ್ಮ ಯಜಮಾನ್ರು!" ಅಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಸುಮಿತ್ರಕ್ಕ ಕಾರ್ಡಿನ ಕಟ್ಟು ಕೆಳಗಿಟ್ಟು ಎರಡೂ ಕೈ ಮುಗಿದಳು. ಅವಳು ಕೈಮುಗಿದದ್ದು ಕಂಬಕ್ಕೆ.

ಕಂಬದ ಈಚೆ, ಕಟ್ಟೆಯ ಮೇಲೆ ಕೂತಿದ್ದ ಈರಪ್ಪ ಮೆತ್ತಗೆ ಹೇಳಿದ, "ಬಾಯಾರ, ನಾ ಈ ಕಡಿ ಅದೇನ್ರಿ."

ಅವಳು ದನಿ ಬಂದತ್ತ ತಿರುಗಿದಳು. "ತಪ್ಪು ನಂದರಿ. ಈ ಹುಡುಗೀದಲ್ಲ. ನನ್ನ ಕಣ್ಣು ಹೋಗಾಕ ಹತ್ತಿ ಎಂಟು ತಿಂಗಳಾತು. ಕೆಲಸ ಹೋಗತೈತಿ ಅಂತ ಮುಚ್ಚಿಟ್ಟೆ. ನಾ ಮುಚ್ಚಿಟ್ಟದ್ದು ನಿಮ್ಮ ಮನಿಗೆ ಬಂದು ಬಿತ್ತು."

ಈರಪ್ಪನ ಹೆಂಡತಿ ನೀರು ತಂದುಕೊಟ್ಟಳು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಧಾರವಾಡದ ಕಣ್ಣಿನ ಆಸ್ಪತ್ರೆಯವರು ಮೊದಲೇ ಬರಬೇಕಿತ್ತು ಅಂದರೆಂದೂ, ಸಕ್ಕರೆ ಕಣ್ಣಿನ ಒಳಪದರಕ್ಕೆ ಇಳಿದಿದೆ ಎಂದೂ ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದಳು. ಮುಂದಿನ ಸೋಮವಾರದಿಂದ ಅವಳು ಪ್ರೆಸ್ಸಿಗೆ ಬರಲಿಲ್ಲ.

ಎರಡು ವರ್ಷದ ಹೊತ್ತಿಗೆ ಅವಳಿಗೆ ಬೆಳಕು ಯಾವುದು, ಬಾಗಿಲು ಯಾವುದು ಅಂತ ಮಾತ್ರ ತಿಳಿಯುತ್ತಿತ್ತು. ಆಮೇಲೆ ಅದೂ ಇಲ್ಲ. ನಾನು ಅಷ್ಟರಲ್ಲಿ ಪ್ರೆಸ್ಸು ಬಿಟ್ಟು ತಹಸೀಲ್ದಾರ ಕಚೇರಿಯ ಎದುರು ನನ್ನದೇ ಒಂದು ಝೆರಾಕ್ಸ್, ಡಿಟಿಪಿ ಅಂಗಡಿ ಹಾಕಿದ್ದೆ. ಅವಳ ಮನೆ ಹಿಂದಿನ ಓಣಿಯಲ್ಲೇ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಅಲ್ಲಿಗೆ ಹೋಗಿ ಪೇಪರು ಓದಿ ಹೇಳುತ್ತಿದ್ದೆ. ಗಿರಾಕಿ ಹೆಚ್ಚಿದ ದಿನ ಹೋಗುತ್ತಿರಲಿಲ್ಲ. ಹೋಗದ ದಿನಗಳೇ ಹೆಚ್ಚಾದವು.

ಒಂದು ದಿನ ಅವಳೇ ಕೇಳಿದಳು. "ಆಸ್ಪತ್ರ್ಯಾಗ ಗೋಕಾಕಿನ ಒಬ್ಬ ಕುರುಡ ಮಾಸ್ತರ ಭೆಟ್ಟಿ ಆಗಿದ್ದ. ಅಂವನ ಮನ್ಯಾಗ ಕಂಪ್ಯೂಟರ ತಾನ ಓದಿ ಹೇಳತೈತಂತ. ಲಿನಕ್ಸ ಅಂತ ಏನೋ ಅಂದ. ಅದನ್ನ ಕೊಳ್ಳೂದು ಬೇಕಾಗಿಲ್ಲಂತ, ಇಳಿಸಿಕೊಂಡು ಹಾಕ್ಕೊಂಡ್ರ ಆತಂತ. ಖರೆ ಏನ?"

ಮೊಬೈಲೂ ಓದುತ್ತದಲ್ಲ ಅಂದೆ. ಅವಳು ಬೆರಳು ಚಾಚಿ ತೋರಿಸಿದಳು. "ತುದಿಗೆಲ್ಲಾ ಜೋಮು. ಗಾಜಿನ ಮ್ಯಾಲ ಎಲ್ಲಿ ಮುಟ್ಟೇನಿ ಅಂತ ತಿಳಿಯಂಗಿಲ್ಲ. ಒತ್ತಿದ್ರ ಕೆಳಗ ಹೋಗೂ ಕೀಲಿ ಇದ್ರ ತಿಳೀತೈತಿ." ಅವಳು ಹುಡುಗಿಯಾಗಿದ್ದಾಗ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದವಳು.

ಮನೆಯ ಮೂಲೆಯಲ್ಲಿ ಅವಳ ಗಂಡ ತಂದಿಟ್ಟ ಹಳೆಯ ಕಂಪ್ಯೂಟರಿತ್ತು, ಕಸೂತಿಯ ಬಟ್ಟೆ ಹೊದ್ದು. ಯಾವನೋ ಅಂಗಡಿಯವನು ಕದ್ದ ಪ್ರತಿಯಿಂದ ವ್ಯವಸ್ಥೆ ಹಾಕಿಕೊಟ್ಟಿದ್ದ. ಈಗ ಅದು ವೈರಸ್ಸು ತುಂಬಿ, ಚಾಲೂ ಆಗುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಬಹುದಿತ್ತು. ನಾನು ನಾಲ್ಕು ದಿನ ಅಂತರ್ಜಾಲದಲ್ಲಿ ಓದಿ, ಆ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಒಂದು ಬೆಳಿಗ್ಗೆ ಹೋದೆ.

"ಏನರ ಉಳಿಸಿಕೊಳ್ಳೂದು ಐತೇನ್ರಿ ಅಕ್ಕಾ ಇದರಾಗ? ಎಲ್ಲಾ ಅಳಿಸಿ ಹಾಕಬೇಕಾಗತೈತಿ."

"ನಂದೇನೈತಿ? ಡಾಕ್ಯುಮೆಂಟಿನ್ಯಾಗ ಇದ್ದದ್ದು ತಗದಿಟ್ಟಕೋ."

ತೆಗೆದಿಟ್ಟುಕೊಂಡೆ. ಇನ್ನೊಂದು ಡ್ರೈವಿನಲ್ಲಿ 'ಕೆನಾಲ್' ಎಂಬ ಹೆಸರಿನ ಒಂದು ಫೋಲ್ಡರು ಕಂಡಿತ್ತು. ಗಂಡನ ಕಚೇರಿಯ ಕಾಗದಪತ್ರ ಇರಬೇಕು ಅಂದುಕೊಂಡೆ. ಬಿಚ್ಚಿ ನೋಡಲಿಲ್ಲ. ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು, ಫೋನು ಬರುತ್ತಲೇ ಇತ್ತು. ಪೂರ್ತಿ ಅಳಿಸಬೇಕೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಅದು ಮಾತಾಡಿತು. ಮೂಗಿನಲ್ಲಿ, ತಗಡು ಬಡಿದ ಹಾಗೆ, ಆದರೆ ಕನ್ನಡದಲ್ಲಿ. ಆಯಿ ಬೆಚ್ಚಿ ಗೋಡೆಗೆ ಸರಿದಳು. ನಾನು ಆ ದಿನದ ಸುದ್ದಿ ತೆಗೆದು ಬಿಟ್ಟೆ. ಸುಮಿತ್ರಕ್ಕ ತಲೆ ತಗ್ಗಿಸಿ, ಕೈ ಮಡಿಚಿ, ಅರ್ಧ ಗಂಟೆ ಒಂದೇ ಸಮನೆ ಕೇಳಿದಳು. ಎರಡು ವರ್ಷಕ್ಕೂ ಮಿಕ್ಕಿದ ಮೇಲೆ ಅವಳಿಗೆ ಯಾರ ಹಂಗೂ ಇಲ್ಲದೆ ಅಕ್ಷರ ಸಿಕ್ಕಿತ್ತು. ನಾನು ಅವಳು ಅಳುತ್ತಾಳೇನೋ ಎಂದು ಕಾಯುತ್ತಿದ್ದೆ. ಅವಳು ಬೆರಳೆತ್ತಿ ಅಂದಳು,

"ತಪ್ಪು."

"ಏನ್ರಿ?"

"ಬೆಳಿ ಹಾಳು ಅನ್ನಬೇಕು. ಇದು ಹಾಲು ಅನ್ನಾಕತ್ತೈತಿ. ಮಳಿಗೆ ಬೆಳಿ ಹಾಲು ಆಗೂದಿದ್ರ ರೈತರಿಗೆ ಏನ ಕಡಿಮಿ?"

ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಮೂವರು ಕೂಡಿ ನಕ್ಕದ್ದು ಅದೇ ಕೊನೆ ಇರಬೇಕು.

ಟೈಪ್‌ರೈಟರಿನ ಕೀಲಿಗಳೇ ಬೇರೆ, ಕಂಪ್ಯೂಟರಿನ ಕೀಲಿಗಳೇ ಬೇರೆ. ಅವಳು ಹಳೆಯದನ್ನು ಮರೆತು ಹೊಸದನ್ನು ಆರು ವಾರದಲ್ಲಿ ಕಲಿತಳು. ಒಂದು ದಿನ ನಾನು ಹೋದಾಗ ಪರದೆಯ ಮೇಲೆ ಏನೋ ಪ್ರಶ್ನೆ ಬಂದು ಯಂತ್ರದ ಮಾತು ನಿಂತಿತ್ತು. ಹೊಸ್ತಿಲಲ್ಲೇ ನಿಂತು ನೋಡಿದೆ. ಆಯಿ ಪರದೆಗೆ ಮೂಗು ಹಚ್ಚಿ ಕೂತಿದ್ದಳು. ಸುಮಿತ್ರಕ್ಕ ಕೀಲಿಮಣೆಯ ಮೇಲೆ ಕೈ ಇಟ್ಟು ಕೇಳುತ್ತಿದ್ದಳು.

"ಎಷ್ಟು ಚೌಕ ಅದಾವ?"

"ಎರಡವ. ಒಂದೊಂದರಾಗೂ ಏನೋ ಬರದೈತಿ."

"ಎಡಗಡಿದರಾಗ ಮೊದಲ್ನೇದು ಹೆಂಗೈತಿ?"

"ಗುಂಡಗೈತಿ. ಮ್ಯಾಲ ಹಕ್ಕಿ ಕುಂತಂಗ ಒಂದು ಗೆರಿ."

"ಅದರ ಮುಂದಿಂದು?"

"ಅದಕ್ಕ ಕೆಳಗ ಒಂದು ಮರಿ ಜೋತು ಬಿದ್ದೈತಿ ನೋಡವ್ವಾ."

"ಒತ್ತಕ್ಷರ! ಅದು ರದ್ದು. ಹಂಗಾರ ನಮಗ ಬಲಗಡಿದು ಬೇಕು." ಅವಳು ಒಂದು ಕೀಲಿಯಿಂದ ಬಲಕ್ಕೆ ಸರಿದು ಇನ್ನೊಂದು ಒತ್ತಿದಳು. ಯಂತ್ರ ಮತ್ತೆ ಮಾತಾಡಿತು. ಆಯಿ ಸೆರಗಿನಿಂದ ಹಣೆ ಒರೆಸಿಕೊಂಡು, ನನ್ನನ್ನು ನೋಡಿ, "ಬಾ ನೀಲವ್ವಾ, ನಾನೂ ಸಾಲಿ ಕಲತೆ" ಅಂದಳು.

ಆಮೇಲೆ ಆ ದಿನವೇ ಆಯಿ ಕೇಳಿದಳು. ತನ್ನ ಮಗನ ಫೋಟೋಗಳನ್ನು ತೋರಿಸು ಅಂತ. ಕಾಲುವೆಯ ಮೇಲೆ ಇದ್ದಾಗ ಅವನು ಮೊಬೈಲಿನಲ್ಲಿ ತೆಗೆದು, ಶನಿವಾರ ಬಂದಾಗ ಈ ಪೆಟ್ಟಿಗೆಗೆ ಹಾಕುತ್ತಿದ್ದನಂತೆ. ಮಗ ಹೋದ ಮೇಲೆ ಭಾನುವಾರಕ್ಕೊಮ್ಮೆ ಸುಮಿತ್ರಕ್ಕ ತೆಗೆದು ತೋರಿಸುತ್ತಿದ್ದಳಂತೆ. ಸೊಸೆಯ ಕಣ್ಣು ಹೋದ ಮೇಲೆ ಯಾರೂ ತೋರಿಸಿರಲಿಲ್ಲ. ಪೆಟ್ಟಿಗೆ ಸರಿಯಾದರೆ ಮತ್ತೆ ನೋಡಬಹುದು ಎಂದು ಆಯಿ ಬಾಯಿ ಬಿಡದೆ ಕಾದಿದ್ದಳು. ಗೋಡೆಯ ಮೇಲೊಂದು ಫೋಟೋ ಇತ್ತು, ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು. ಅದನ್ನು ತೋರಿಸಿ ಆಯಿ ಅಂದಳು, "ಅದು ನನ್ನ ಮಗ ಅಲ್ಲ. ಅದು ಸರಕಾರದ್ದು."

ಆ ಕೆನಾಲ್ ಫೋಲ್ಡರು.

"ಹುಡುಕಿ ತೋರಸತೇನಿ ಆಯಿ" ಅಂದು ಹೊರಗೆ ಬಂದುಬಿಟ್ಟೆ. ಮೂರು ದಿನ ಆ ಓಣಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಸುಮಿತ್ರಕ್ಕ ಗೋಡೆ ಹಿಡಿದುಕೊಂಡು, ದಾರಿಯವರನ್ನು ಕೇಳಿಕೊಂಡು ನನ್ನ ಅಂಗಡಿಗೆ ಬಂದಳು. ಒಬ್ಬಳೇ. ಕೂರಲಿಲ್ಲ.

"ಹೋದ್ವೇನು? ಅವೂ ಡಾಕ್ಯುಮೆಂಟಿನ್ಯಾಗ ಅದಾವ ಅಂದ್ಕೊಂಡಿದ್ದೆ."

"ಹೋದ್ವು ಅಕ್ಕಾ."

"ನನಗ ಫೋಟೋ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಆದ್ರ ಅಕಿಗೆ ನೀನ ಹೇಳಬೇಕು."

"ಆಮ್ಯಾಲ ಹೇಳತೇನ್ರಿ. ತಿರುಗಿ ಬರತಾವೇನೋ ನೋಡತೇನಿ ಮೊದಲ."

"ನೀಲಾ. ನಾ ಎಂಟು ತಿಂಗಳು ಆಮ್ಯಾಲ ಹೇಳಿದ್ರಾತು ಅಂತ ಕುಂತಿದ್ದೆ."

ಅವಳ ಕೈ ಹಿಡಿದುಕೊಂಡು ಹೋದೆ. ಆಯಿ ಅಕ್ಕಿ ಆರಿಸುತ್ತಿದ್ದಳು. ಹೇಳಿದೆ. ಅವಳಿಗೆ ಮೊದಲು ತಿಳಿಯಲಿಲ್ಲ. "ಅಳಿಸಿದ್ರ ಎಲ್ಲಿ ಹೋಗತಾವ? ಒಳಗ ಎಲ್ಲರ ಇರಬೇಕಲ್ಲ?" ಎಂದು ಕೇಳಿದಳು. ಹೊಸ ಬರಹ ಹಳೆಯದರ ಮೇಲೆ ಕೂತುಬಿಡುತ್ತದೆ ಅಂದೆ. ಆಯಿ ಮೊರ ಪಕ್ಕಕ್ಕಿಟ್ಟು ಹಿತ್ತಲಿಗೆ ಹೋದಳು.

ಡಿಸ್ಕು ಬಿಚ್ಚಿ ತಂದು, ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶಗಳನ್ನೆಲ್ಲ ಹಚ್ಚಿ ನೋಡಿದೆ. ಹನ್ನೊಂದು ಚೂರು ಸಿಕ್ಕವು. ಅರ್ಧಕ್ಕೆ ಬೂದು ಪಟ್ಟೆ ಬಿದ್ದವು. ಒಂದರಲ್ಲಿ ಕಾಲುವೆಯ ಗೇಟು, ಅದರ ಕಬ್ಬಿಣದ ಚಕ್ರದ ಮೇಲೆ ಒಂದು ಕೈ, ಕೈಯಿಂದ ಆಚೆ ಏನೂ ಇಲ್ಲ. ಅದನ್ನು ಅಚ್ಚು ಹಾಕಿ ಒಯ್ದು ಕೊಟ್ಟೆ. ಆಯಿ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಮ್ಮಂವನ ಕೈ ಅಲ್ಲ. ಇಟ್ಟಕೋರ್ರಿ ಬಾಯಾರ."

ಅಲ್ಲಿಯತನಕ ನಾನು ಅವಳಿಗೆ ನೀಲವ್ವ. ಬಾ, ಕುಂಡ್ರು, ಉಣ್ಣು. ಆ ದಿನದಿಂದ ಬಾಯಾರ. ಬರ್ರಿ, ಕುಂಡ್ರಿ. ಚಹಾ ಕೊಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಬಯ್ಯಲಿಲ್ಲ, ಮುಖ ತಿರುಗಿಸಲಿಲ್ಲ. ಬರೀ ಬಹುವಚನ. ಅದರ ಭಾರ ನನಗೆ ಮಾತ್ರ ಗೊತ್ತು.

ಸುಮಿತ್ರಕ್ಕ ಮಾತ್ರ ಆ ವಿಷಯ ಮತ್ತೆ ಎತ್ತಲಿಲ್ಲ. ಅವಳು ಯಂತ್ರದ ತಪ್ಪುಗಳನ್ನು ಪಟ್ಟಿ ಮಾಡಲು ಕುಳಿತಿದ್ದಳು. ಇದನ್ನು ಪಟ್ಟಿ ಮಾಡಿ ಏನು ಮಾಡತೀರಿ ಅಂತ ನಾನು ಕೇಳಿದಾಗ, "ಇದನ್ನ ಮಾಡಿದವರು ಯಾರು?" ಎಂದು ತಿರುಗಿ ಕೇಳಿದಳು. ಇಂಥವರೇ ಅಂತ ಇಲ್ಲ, ಬೇರೆ ಬೇರೆ ದೇಶದ ಜನ ತಮ್ಮ ಬಿಡುವಿನಲ್ಲಿ ಬರೆಯುತ್ತಾರೆ, ಒಳಗಿನ ಬರಹ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು ಎಂದೆ. ಅವಳು ಸೆಟೆದು ಕುಳಿತಳು.

"ಅಂದ್ರ ಇದು ಇನ್ನೂ ಅಚ್ಚಿಗೆ ಹೋಗಿಲ್ಲ ಅನ್ನು. ಇನ್ನೂ ಪ್ರೂಫು."

ಒಂದೂವರೆ ವರ್ಷ ಅವಳು ಅದನ್ನೇ ಮಾಡಿದಳು. ಬೆಳಿಗ್ಗೆ ಪೇಪರು ಕೇಳುತ್ತ ತಪ್ಪಿದ ಶಬ್ದ ಟೈಪು ಮಾಡಿಡುತ್ತಿದ್ದಳು. ಮಧ್ಯಾಹ್ನ ನಾನು ಹೋಗಿ, ಪಕ್ಕದಲ್ಲಿ ಕುಳಿತು, ಅವಳು ಉಚ್ಚರಿಸಿ ತೋರಿಸಿದ್ದನ್ನು ಕೇಳಿ, ಯಂತ್ರದ ಉಚ್ಚಾರ ನಿಯಮಗಳ ಕಡತದಲ್ಲಿ ಹುಡುಕಿ ತಿದ್ದಿ, ಅದನ್ನು ಮಾಡುವವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು ಕಳಿಸುತ್ತಿದ್ದೆ. ಕೆಲವನ್ನು ಅವರು ಒಪ್ಪಿದರು. ಕೆಲವಕ್ಕೆ ಇದನ್ನು ತಿದ್ದಿದರೆ ಬೇರೆ ನಲವತ್ತು ಶಬ್ದ ಕೆಡುತ್ತವೆ ಎಂದು ಬರೆದರು. ನಾನು ಅದನ್ನು ಓದಿ ಹೇಳಿದರೆ ಅವಳು "ಅವರು ಹೇಳೂದು ಖರೆ. ನಾ ಒಂದು ಕಡಿ ನೋಡಿದ್ದೆ" ಅನ್ನುತ್ತಿದ್ದಳು. ಪ್ರೆಸ್ಸಿನಲ್ಲಿ ಯಾರೂ ಅವಳ ಜೊತೆ ಹೀಗೆ ವಾದ ಮಾಡಿರಲಿಲ್ಲ. ಅದು ಅವಳಿಗೆ ಹಿಡಿಸಿತ್ತು.

'ದಿ.' ಎಂಬ ಒಂದು ಅಕ್ಷರಕ್ಕೆ ಎರಡು ತಿಂಗಳು ಹೋಯಿತು. ಯಂತ್ರ ಅದನ್ನು ಎಲ್ಲ ಕಡೆ ದಿನಾಂಕ ಎಂದೇ ಓದುತ್ತಿತ್ತು. ನಿಧನ ವಾರ್ತೆಯಲ್ಲೂ ದಿನಾಂಕ ಮಲ್ಲಪ್ಪ, ದಿನಾಂಕ ಗಂಗವ್ವ. ಯಾವುದು ದಿವಂಗತ, ಯಾವುದು ದಿನಾಂಕ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು ಎಂದು ಆ ಕಡೆಯವರು ಕೇಳಿದರು. ಸುಮಿತ್ರಕ್ಕ ಹೇಳಿಕೊಟ್ಟಳು, "ಮುಂದ ಅಂಕಿ ಬಂದ್ರ ದಿನಾಂಕ. ಹೆಸರು ಬಂದ್ರ ದಿವಂಗತ. ಅಷ್ಟ ಬರಿ." ಬರೆದೆ. ಒಪ್ಪಿದರು. ಮುಂದಿನ ಆವೃತ್ತಿಯಲ್ಲಿ ನಿಮ್ಮ ಹೆಸರು ಹೇಗೆ ಹಾಕಬೇಕು ಎಂದೂ ಕೇಳಿದರು. ಪೂರ್ತಿ ಹಾಕಲು ಹೇಳು ಅಂದಳು. ಸುಮಿತ್ರಾ ಕಾಂಬಳೆ. ಒಂದೊಂದು ಅಕ್ಷರವನ್ನೂ ನನ್ನಿಂದ ಮೂರು ಸಲ ಓದಿಸಿ ಕಳಿಸಿದಳು.

ಅಷ್ಟರಲ್ಲಿ ಸಕ್ಕರೆ ಮೂತ್ರಪಿಂಡಕ್ಕೆ ಇಳಿದಿತ್ತು. ಕಾಲು ಬಾತವು, ಮುಖ ಬಾತಿತು. ವಾರಕ್ಕೆ ಎರಡು ಸಲ ಇದ್ದ ಡಯಾಲಿಸಿಸ್ ಮೂರಾಯಿತು. ಆಯಿ ಅವಳ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವಳು, ನಾಲ್ಕು ತಾಸು ಬಾಗಿಲಲ್ಲಿ ಕೂತು ಕರೆತರುವಳು. ಬಂದ ದಿನ ಸುಮಿತ್ರಕ್ಕನಿಗೆ ಕೂರಲು ಆಗುತ್ತಿರಲಿಲ್ಲ. ಮರುದಿನ ಒಂದು ತಾಸು ಕೂರುವಳು. ಅದರ ಮರುದಿನ ಮತ್ತೆ ಆಸ್ಪತ್ರೆ. ಒಂದು ಸಲ ನನ್ನ ಮುಂದೆಯೇ ಅತ್ತೆಯನ್ನು ಕೇಳಿದಳು, "ಬಿಟ್ಟಬಿಡೂಣೇನು ಅತ್ತಿ? ನಿಮಗ ಸಾಕಾಗಿಲ್ಲೇನು?" ಆಯಿ ಅವಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸದೆ, "ನೀ ಹ್ವಾದ್ರ ನಾ ಯಾರ ಜೋಡಿ ಜಗಳಾಡ್ಲಿ?" ಅಂದಳು. ಅವರಿಬ್ಬರು ಜಗಳಾಡಿದ್ದನ್ನು ನಾನು ನೋಡಿಲ್ಲ.

ಕೊನೆಗೆ ಸೂಜಿ ಚುಚ್ಚುತ್ತಿದ್ದ ಕೈ ಊದಿಕೊಂಡಿತು, ಜ್ವರ ಬಂತು. ಬೆಳಗಾವಿಗೆ ಒಯ್ಯಿರಿ ಅಂದರು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆಸ್ಪತ್ರೆಯ ವಾಹನ ನನ್ನ ಅಂಗಡಿಯ ಮುಂದೆ ನಿಂತಿತು, ಅವಳೇ ನಿಲ್ಲಿಸಲು ಹೇಳಿದ್ದಳಂತೆ. ನಾನು ಓಡಿ ಹೋಗಿ ಬಾಗಿಲ ಬಳಿ ನಿಂತೆ. ಅವಳು ನನ್ನ ದನಿಗೆ ಮುಖ ತಿರುಗಿಸಿದಳು. ತುಟಿಗಳು ಒಣಗಿ ಬಿರಿದಿದ್ದವು.

"ನೀಲಾ, ಮೊನ್ನಿ ಪಟ್ಟಿಯೊಳಗ ಕೊನೇದು ಒಂದು ಐತೆಲಾ, ಅದರದು ನನಗ ಅನುಮಾನ ಐತಿ. ಕಳಸಬ್ಯಾಡ. ಬಂದು ನೋಡತೇನಿ."

"ಆತ್ರಿ ಅಕ್ಕಾ."

"ಅಂಗಡಿ ಬಿಟ್ಟು ಬಂದೀ ಏನ? ಹೋಗು, ಮಂದಿ ನಿಂತಿರತಾರ."

ಮಂದಿ ನಿಂತಿದ್ದರು. ಹೋದೆ. ಮೂರನೆಯ ದಿನ ಬೆಳಗಾವಿಯಿಂದ ಫೋನು ಬಂತು.

ರಾಮದುರ್ಗದಿಂದ ಅವಳ ತವರಿನವರು ಬಂದರು. ಬುದ್ಧನ ಪಂಚಶೀಲ ಹೇಳಿ ಮಣ್ಣು ಕೊಟ್ಟರು. ಆಯಿಯ ಮಗಳು ಕಟಕೋಳದಲ್ಲಿದ್ದಳು, ಐದನೆಯ ದಿನ ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಕಂಪ್ಯೂಟರು ನನ್ನ ಅಂಗಡಿಗೆ ಬಂತು. ಪಟ್ಟಿಯ ಕೊನೆಯ ಶಬ್ದವನ್ನು ನಾನು ಕಳಿಸಲಿಲ್ಲ. ಅವಳಿಗೆ ಅದರಲ್ಲಿ ಏನು ಅನುಮಾನ ಬಂದಿತ್ತೋ ನೂರು ಸಲ ಓದಿದರೂ ನನಗೆ ಗೊತ್ತಾಗಲಿಲ್ಲ.

ನಾಲ್ಕು ತಿಂಗಳಿಗೆ ಹೊಸ ಆವೃತ್ತಿ ಬಂತು. ದುಡಿದವರ ಹೆಸರುಗಳ ಪಟ್ಟಿಯಲ್ಲಿ ಅವಳದೂ ಇತ್ತು. ಆ ಹಾಳೆಯನ್ನು ಅಚ್ಚು ತೆಗೆದು, ಅಂಗಡಿ ಮುಚ್ಚಿ, ಮಧ್ಯಾಹ್ನದ ಬಸ್ಸಿಗೆ ಕಟಕೋಳಕ್ಕೆ ಹೋದೆ. ಆಯಿ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಇನ್ನೂ ಸಣ್ಣಗಾಗಿದ್ದಳು.

"ಬರ್ರಿ ಬಾಯಾರ. ಕುಂಡ್ರಿ."

ಹಾಳೆ ಕೊಟ್ಟೆ. ಎಲ್ಲಿದೆ ಅವಳ ಹೆಸರು ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಇಂಗ್ಲಿಷಿನಲ್ಲಿದೆಯೇ ಎಂದಳು. ಹೌದು ಅಂದೆ. ಆಯಿ ಹೆಬ್ಬೆರಳನ್ನು ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಆಡಿಸಿದಳು.

"ಆ ಪೆಟ್ಟಿಗಿ ಈಗ ಎಲ್ಲಾ ಊರಾಗೂ ಅಕಿ ಹೇಳಿಕೊಟ್ಟಂಗ ಮಾತಾಡತೈತೇನ್ರಿ?"

"ಹೌದು ಆಯಿ. ಒಂದಷ್ಟು ಶಬ್ದ."

"ಅದಕ್ಕ ಅಕೀನ ಕಲಿಸ್ಯಾಳಲ್ಲ, ಬಾಯಲೇ ಹೇಳಿ ಹೇಳಿ."

"ಹೌದು."

"ಹಂಗಾರ ಅಕಿ ದನಿ ಅದರಾಗ ಐತೇನ್ರಿ?"

ಒಂದೂವರೆ ವರ್ಷ. ದಿನಾ ಅವಳ ಪಕ್ಕದಲ್ಲಿ ಕುಳಿತು, ಅವಳು ಒಂದು ಶಬ್ದವನ್ನು ಹತ್ತು ಸಲ ಹೇಳಿದ್ದನ್ನು ಕೇಳಿ ಕೇಳಿ ಬರೆದುಕೊಂಡಿದ್ದೆ. ನನ್ನ ಕೈಯಲ್ಲೇ ಮೊಬೈಲಿತ್ತು. ಒಂದು ಸಲವೂ ಅದನ್ನು ಅವಳ ಮುಂದೆ ಹಿಡಿದಿರಲಿಲ್ಲ. ಹಿಂದಿನ ಓಣಿಯಲ್ಲೇ ಇದ್ದವಳ ದನಿ ಹಿಡಿದಿಟ್ಟುಕೊಳ್ಳಬೇಕು ಅಂತ ಯಾರಿಗೆ ಹೊಳೆಯುತ್ತದೆ? ಆದರೂ ಫೋನು ತೆಗೆದು, ಇದ್ದದ್ದನ್ನೆಲ್ಲ ಮೇಲಿಂದ ಕೆಳಗೆ ಸರಿಸುತ್ತ ಹೋದೆ. ಆಯಿ ಕಾಯುತ್ತಿದ್ದಳು.

"ಇಲ್ಲ ಆಯಿ."

"ಒಂದು ಮಾತೂ?"

"ಇಲ್ಲ."

ಆಯಿ ನನ್ನ ಮುಖ ನೋಡಿದಳು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೊಂದು ಶೇಂಗಾ ಕಾಯಿ ಕೈಗೆತ್ತಿಕೊಂಡಳು. ನಾನೂ ಬುಟ್ಟಿಗೆ ಕೈ ಹಾಕಿದೆ. ಬೈಲಹೊಂಗಲದ ಬಸ್ಸು ಬರುವವರೆಗೆ ಇಬ್ಬರೂ ಸುಲಿಯುತ್ತ ಕೂತಿದ್ದೆವು.